ಬಾಗಿಲ ಬಳಿ ಕಾಯುವ ನಾಯಿಗೆ ಗೊತ್ತಿರುವುದೇನು?

ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಕರಿಯ ಎಂಬ ನಾಯಿಯಿತ್ತು. ಅಪ್ಪ ಪೇಟೆಯಿಂದ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಬಸ್ಸು ಕೆಳಗಿನ ತಿರುವಿಗೆ ಬರುವ ಎಷ್ಟೋ ಮೊದಲೇ ಕರಿಯ ಜಗಲಿಯಿಂದೆದ್ದು, ಮೈ ಕೊಡವಿ, ಅಂಗಳ ದಾಟಿ ದಣಪೆಯ ಬಳಿ ಹೋಗಿ ಕೂರುತ್ತಿತ್ತು. ಬಂದ ನೆಂಟರಿಗೆಲ್ಲ ಅಜ್ಜಿ ಅದನ್ನು ತೋರಿಸಿ, "ಮಗ ಅಲ್ಲಿ ಬಸ್ಸು ಹತ್ತಿದ್ದು ಇದಕ್ಕೆ ಇಲ್ಲಿ ಗೊತ್ತಾಗ್ತದೆ ನೋಡಿ" ಎನ್ನುತ್ತಿದ್ದರು. ನಾವೆಲ್ಲ ಅದನ್ನು ನಂಬಿದ್ದೆವು. ಬಂದ್ ನಡೆದು ಬಸ್ಸೇ ಓಡದ ದಿನವೂ ಕರಿಯ ಅದೇ ಹೊತ್ತಿಗೆ ದಣಪೆಯ ಬಳಿ ಕೂತಿತ್ತು ಎಂಬುದು, ಅಪ್ಪ ಯಾರದೋ ಜೀಪಿನಲ್ಲಿ ಮಧ್ಯಾಹ್ನವೇ ಬಂದಿಳಿದ ದಿನ ಅದು ಕೊಟ್ಟಿಗೆಯ ನೆರಳಿನಲ್ಲಿ ಮಲಗಿ ನಿದ್ದೆ ಹೋಗಿತ್ತು ಎಂಬುದು ನನಗೆ ನೆನಪಾದದ್ದು ಬಹಳ ವರ್ಷಗಳ ಮೇಲೆ. ಅವೂ ನಮ್ಮ ಕಣ್ಣೆದುರೇ ನಡೆದಿದ್ದವು. ಆದರೆ ಆ ದಿನಗಳ ವಿಚಾರವನ್ನು ಯಾವ ನೆಂಟರಿಗೂ ಯಾರೂ ಹೇಳಿರಲಿಲ್ಲ.

ಅಜ್ಜಿಯ ಆ ಮಾತು ಈಗ ಮೊಬೈಲ್ ಪರದೆಯ ಮೇಲೆ ಬಂದು ಕೂತಿದೆ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತ ನಾಯಿ, ಬೆಕ್ಕುಗಳನ್ನು ಸಾಕಿಕೊಂಡವರು ಮತ್ತೆ ಕಚೇರಿಗೆ ಹೋಗಬೇಕಾಗಿ ಬಂದಿದೆ. ಬೆಂಗಳೂರಿನಂಥ ಊರಿನ ಫ್ಲ್ಯಾಟುಗಳಲ್ಲಿ ಪ್ರಾಣಿ ಒಂಟಿಯಾಗಿ ಏನು ಮಾಡುತ್ತಿದೆಯೆಂದು ನೋಡಲು ಜನ ಮನೆಯೊಳಗೆ ಕ್ಯಾಮೆರಾ ಇಟ್ಟಿದ್ದಾರೆ. ಒಡತಿ ಕಚೇರಿಯಿಂದ ಹೊರಟ ಗಳಿಗೆಗೆ ಸರಿಯಾಗಿ ನಾಯಿ ಎದ್ದು ಬಾಗಿಲಿನತ್ತ ನಡೆದ ದೃಶ್ಯಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಇದೇ ನಂಬಿಕೆಯನ್ನು ಆಧಾರವಾಗಿಟ್ಟುಕೊಂಡು, ನಿಮ್ಮ ಪ್ರಾಣಿಯ ಮನಸ್ಸಿನೊಡನೆ ದೂರದಿಂದಲೇ ಮಾತನಾಡಿ ಹೇಳುತ್ತೇವೆಂದು ಹಣ ಪಡೆಯುವವರೂ ನಮ್ಮ ನಗರಗಳಲ್ಲಿದ್ದಾರೆ. ಕಾಯಿಲೆ ಬಿದ್ದ ಅಥವಾ ಕಳೆದುಹೋದ ನಾಯಿಯ ಚಿಂತೆಯಲ್ಲಿರುವವರು ಅಂಥವರ ಬಳಿಗೆ ಹೋಗುತ್ತಾರೆ. ಆದ್ದರಿಂದ ನಾಯಿಗೆ ನಿಜವಾಗಿ ಗೊತ್ತಾಗುವುದೇನು, ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಅದನ್ನು ಜನ ಪರೀಕ್ಷೆಗೂ ಒಡ್ಡಿದ್ದಾರೆ. ಆ ಪರೀಕ್ಷೆಗಳಲ್ಲಿ ಅತ್ಯಂತ ಹೆಸರಾದದ್ದು ಇಂಗ್ಲೆಂಡಿನ ಒಂದು ಮಿಶ್ರತಳಿಯ ನಾಯಿಯದು.

ಅದರ ಹೆಸರು ಜೇಟೀ. ಮ್ಯಾಂಚೆಸ್ಟರ್ ನಗರದ ನಾಯಿಗಳ ಆಶ್ರಯಧಾಮದಿಂದ 1989ರಲ್ಲಿ ಪ್ಯಾಮ್ ಸ್ಮಾರ್ಟ್ ಎಂಬ ಮಹಿಳೆ ಅದನ್ನು ಮನೆಗೆ ತಂದರು. ಅವರು ಕೆಲಸಕ್ಕೆ ಹೋಗುವಾಗ ರಾಮ್ಸ್‌ಬಾಟಮ್ ಎಂಬ ಪುಟ್ಟ ಊರಿನಲ್ಲಿದ್ದ ತಂದೆ ತಾಯಿಯ ಬಳಿ ನಾಯಿಯನ್ನು ಬಿಟ್ಟುಹೋಗುತ್ತಿದ್ದರು. ಮಗಳು ಕೆಲಸ ಮುಗಿಸಿ ಹೊರಡುವ ಸುಮಾರಿಗೆ ನಾಯಿ ಕಿಟಕಿಯ ಬಳಿ ಹೋಗಿ ಕಾಯುತ್ತ ಕೂರುವುದನ್ನು ಆ ಹಿರಿಯರು ಗಮನಿಸಿದರು. ಇದು ದಿನನಿತ್ಯದ ರೂಢಿಯಿರಬಹುದೆಂದು ಅವರೂ ಎಣಿಸಿದ್ದರು. ಆದರೆ 1993ರಲ್ಲಿ ಪ್ಯಾಮ್ ಅವರ ಕೆಲಸ ಹೋಯಿತು. ಹೊರಗೆ ಹೋಗುವುದಕ್ಕೂ ಬರುವುದಕ್ಕೂ ನಿಗದಿಯಾದ ಹೊತ್ತು ಇಲ್ಲದಾಯಿತು. ಹಾಗಿದ್ದೂ ನಾಯಿಯ ನಡವಳಿಕೆ ಮುಂದುವರಿದಂತೆ ಕಂಡಾಗ ಅವರಿಗೆ ಅಚ್ಚರಿಯಾಯಿತು. ಮರುವರ್ಷ ಪತ್ರಿಕೆಯೊಂದರಲ್ಲಿ ಇಂಥ ಪ್ರಾಣಿಗಳ ಬಗ್ಗೆ ಅಧ್ಯಯನ ನಡೆಸಬೇಕೆಂದಿದ್ದ ವಿಜ್ಞಾನಿಯೊಬ್ಬರ ವಿಚಾರ ಓದಿ, ಅವರನ್ನು ಸಂಪರ್ಕಿಸಿದರು.

ಆ ವಿಜ್ಞಾನಿ ರೂಪರ್ಟ್ ಶೆಲ್ಡ್ರೇಕ್. ಇವರ ಜೀವನದ ಒಂದು ಭಾಗ ನಮ್ಮ ಸೀಮೆಗೆ ಹತ್ತಿರದ್ದು. ಕೇಂಬ್ರಿಜ್‌ನಲ್ಲಿ ಜೀವರಸಾಯನಶಾಸ್ತ್ರ ಓದಿ ಅಲ್ಲಿಯೇ ಸಂಶೋಧನೆ ಮಾಡುತ್ತಿದ್ದ ಅವರು 1974ರಲ್ಲಿ ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಗೆ ಸಸ್ಯವಿಜ್ಞಾನಿಯಾಗಿ ಬಂದರು. ಕಲಬುರಗಿಯ ರೈತ ನೆಚ್ಚಿಕೊಂಡಿರುವ ತೊಗರಿ ಮತ್ತು ಕಡಲೆ ಬೆಳೆಗಳ ಮೇಲೆ ಕೆಲಸ ಮಾಡಿದರು. ಆಮೇಲೆ ತಮಿಳುನಾಡಿನಲ್ಲಿ ಕಾವೇರಿಯ ದಡದಲ್ಲಿರುವ ಶಾಂತಿವನಂ ಆಶ್ರಮದಲ್ಲಿ ಕುಳಿತು ತಮ್ಮ ಮೊದಲ ಪುಸ್ತಕ ಬರೆದರು. ಜೀವಿಗಳ ಆಕಾರಕ್ಕೂ ನಡವಳಿಕೆಗೂ ಹಿಂದೆ ಕಣ್ಣಿಗೆ ಕಾಣದ ಕ್ಷೇತ್ರಗಳಿವೆ, ಹಿಂದೆ ನಡೆದದ್ದರ ನೆನಪು ಆ ಕ್ಷೇತ್ರಗಳ ಮೂಲಕ ಮುಂದಿನವಕ್ಕೆ ತಲುಪುತ್ತದೆ ಎಂಬುದು ಅದರ ವಾದ. 1981ರಲ್ಲಿ ಅದು ಪ್ರಕಟವಾದಾಗ ಪ್ರಸಿದ್ಧ ವಿಜ್ಞಾನ ಪತ್ರಿಕೆ ನೇಚರ್‌ನ ಸಂಪಾದಕ ಜಾನ್ ಮ್ಯಾಡಾಕ್ಸ್, ಇದು ಸುಡಬೇಕಾದ ಪುಸ್ತಕವೇ ಎಂದು ಕೇಳುವ ತಲೆಬರಹ ಕೊಟ್ಟು ಸಂಪಾದಕೀಯ ಬರೆದರು. ಶೆಲ್ಡ್ರೇಕ್ ಅವರ ಸಿದ್ಧಾಂತವನ್ನು ಜೀವವಿಜ್ಞಾನಿಗಳ ಸಮುದಾಯ ಇಂದಿಗೂ ಒಪ್ಪಿಲ್ಲ. ನನಗೂ ಅದರಲ್ಲಿ ಒಪ್ಪುವಂಥ ಆಧಾರ ಕಂಡಿಲ್ಲ. ಆದರೂ ಸುಡುವ ಮಾತೆತ್ತಿದ್ದು ತಪ್ಪು. ಜನಸಾಮಾನ್ಯರು ದಿನವೂ ನೋಡುತ್ತೇವೆಂದು ಹೇಳುವ ಒಂದು ವಿಚಾರವನ್ನು ಪರೀಕ್ಷೆಗೆ ಒಡ್ಡಬೇಕೆಂದು ಹೊರಟವರಿಗೆ ಪರೀಕ್ಷೆಯ ಮೂಲಕವೇ ಉತ್ತರ ಕೊಡಬೇಕು.

ಶೆಲ್ಡ್ರೇಕ್ ಅವರ ಕೋರಿಕೆಯಂತೆ ಮೊದಲಿಗೆ ಪ್ಯಾಮ್ ಮತ್ತು ಅವರ ತಂದೆ ತಾಯಿ ಒಂದು ದಿನಚರಿ ಬರೆದಿಟ್ಟರು. ಮಗಳು ಎಷ್ಟು ಹೊತ್ತಿಗೆ ಹೊರಟಳು, ನಾಯಿ ಎಷ್ಟು ಹೊತ್ತಿಗೆ ಕಿಟಕಿಗೆ ಹೋಯಿತು ಎಂಬ ಲೆಕ್ಕ ಅದು. ಹೀಗೆ ದಾಖಲಾದ 100 ಸಂದರ್ಭಗಳಲ್ಲಿ 85ರಲ್ಲಿ ನಾಯಿ ಮುಂಚಿತವಾಗಿ ಕಾಯತೊಡಗಿತ್ತು ಎಂದು ಅವರು ವರದಿ ಮಾಡಿದರು. 1994ರ ನವೆಂಬರ್‌ನಲ್ಲಿ ಆಸ್ಟ್ರಿಯಾದ ದೂರದರ್ಶನ ಸಂಸ್ಥೆಯವರು ಎರಡು ಕ್ಯಾಮೆರಾ ಇಟ್ಟು, ಒಂದರಲ್ಲಿ ನಾಯಿಯನ್ನು, ಇನ್ನೊಂದರಲ್ಲಿ ಊರಲ್ಲಿ ತಿರುಗಾಡುತ್ತಿದ್ದ ಒಡತಿಯನ್ನು ಚಿತ್ರೀಕರಿಸಿದರು. ಮನೆಗೆ ಹೊರಡೋಣವೆಂದು ಅವರಿಗೆ ಹೇಳಿದ ಕೆಲವೇ ಸೆಕೆಂಡುಗಳಲ್ಲಿ ನಾಯಿ ಕಿಟಕಿಯತ್ತ ಹೋದ ಆ ದೃಶ್ಯ ಹಲವು ದೇಶಗಳಲ್ಲಿ ಪ್ರಸಾರವಾಯಿತು. ಜೇಟೀ ಪ್ರಸಿದ್ಧವಾದದ್ದು ಹಾಗೆ. ಒಂದು ಸಲದ ದೃಶ್ಯ ಎಷ್ಟೇ ಮನಮುಟ್ಟುವಂತಿದ್ದರೂ ಅದು ಒಂದು ಸಲದ್ದು ಮಾತ್ರ ಎಂಬ ವಿವೇಕ ಆಗ ಪ್ರಸಾರದ ಅಬ್ಬರದಲ್ಲಿ ಹಿಂದೆ ಸರಿಯಿತು.

ಈ ಹಂತದಲ್ಲಿ ರಿಚರ್ಡ್ ವೈಸ್‌ಮನ್ ಎಂಬ ಮನಶ್ಶಾಸ್ತ್ರಜ್ಞರು, ಮ್ಯಾಥ್ಯೂ ಸ್ಮಿತ್ ಮತ್ತು ಜೂಲಿ ಮಿಲ್ಟನ್ ಅವರ ಜೊತೆ, ಶೆಲ್ಡ್ರೇಕ್ ಅವರ ಆಹ್ವಾನದ ಮೇರೆಗೇ ಜೇಟೀಯನ್ನು ಪರೀಕ್ಷಿಸಿದರು. 1995ರಲ್ಲಿ ನಾಲ್ಕು ಪ್ರಯೋಗ ನಡೆದವು. ಒಡತಿಯನ್ನು ದೂರ ಕರೆದೊಯ್ದು, ಮೊದಲೇ ತಿಳಿಯದ ಹೊತ್ತಿನಲ್ಲಿ ವಾಪಸು ಹೊರಡಿಸುವುದು. ಮನೆಯಲ್ಲಿ ನಾಯಿಯನ್ನು ಎಡೆಬಿಡದೆ ಚಿತ್ರೀಕರಿಸುವುದು. ನಾಯಿ ಹೊರಗಿನ ಯಾವ ಕಾರಣವೂ ಕಾಣದೆ ಮೊದಲ ಬಾರಿಗೆ ಕಿಟಕಿಯ ಬಳಿ ಹೋಗಿ ನಿಂತ ಹೊತ್ತನ್ನೇ ಅದರ "ಸೂಚನೆ" ಎಂದು ಹಿಡಿಯುವುದು, ಇದು ಅವರ ಕ್ರಮ. ಆ ಸೂಚನೆ ಒಡತಿ ಹೊರಟ ಗಳಿಗೆಯೊಡನೆ ನಾಲ್ಕರಲ್ಲಿ ಒಂದು ಸಲವೂ ಹೊಂದಲಿಲ್ಲ. ಫಲಿತಾಂಶ 1998ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು; ನಾಯಿಗೆ ಅತೀಂದ್ರಿಯ ಶಕ್ತಿಯಿಲ್ಲ ಎಂದು ಪತ್ರಿಕೆಗಳು ಸಾರಿದವು.

ಶೆಲ್ಡ್ರೇಕ್ ಅದನ್ನು ಒಪ್ಪಲಿಲ್ಲ. ನಾಯಿ ಬೇರೆ ಬೇರೆ ಕಾರಣಕ್ಕೆ ಆಗಾಗ ಕಿಟಕಿಗೆ ಹೋಗುವುದು ಸಹಜ, ಮೊದಲ ಭೇಟಿಯೊಂದನ್ನೇ ಹಿಡಿದು ಉಳಿದ ದಾಖಲೆಯನ್ನು ಕೈಬಿಡುವುದು ಸರಿಯಲ್ಲ, ಒಡತಿ ದೂರವಿದ್ದ ಹೊತ್ತಿನಲ್ಲಿ ಮತ್ತು ಹಿಂದಿರುಗುತ್ತಿದ್ದ ಹೊತ್ತಿನಲ್ಲಿ ನಾಯಿ ಕಿಟಕಿಯ ಬಳಿ ಕಳೆದ ಒಟ್ಟು ಸಮಯವನ್ನು ಹೋಲಿಸಬೇಕು ಎಂಬುದು ಅವರ ವಾದ. ಹಾಗೆ ಹೋಲಿಸಿದಾಗ ವೈಸ್‌ಮನ್ ತಂಡ ಪ್ಯಾಮ್ ಅವರ ತಂದೆ ತಾಯಿಯ ಮನೆಯಲ್ಲಿ ನಡೆಸಿದ ಮೂರು ಪ್ರಯೋಗಗಳಲ್ಲೇ, ಮೊದಲ ಅವಧಿಯಲ್ಲಿ ಶೇ. 4ರಷ್ಟು ಸಮಯ, ಹಿಂದಿರುಗುವ ಅವಧಿಯಲ್ಲಿ ಶೇ. 78ರಷ್ಟು ಸಮಯ ನಾಯಿ ಕಿಟಕಿಯ ಬಳಿಯಿತ್ತು. ಶೆಲ್ಡ್ರೇಕ್ ಮತ್ತು ಪ್ಯಾಮ್ ಸ್ಮಾರ್ಟ್ ಹಿಂದಿರುಗುವ ಹೊತ್ತನ್ನು ಯಾದೃಚ್ಛಿಕವಾಗಿ ಆರಿಸಿ ತಾವೇ ನಡೆಸಿದ 12 ಪ್ರಯೋಗಗಳಲ್ಲಿ ಈ ಪ್ರಮಾಣ ಶೇ. 4 ಮತ್ತು ಶೇ. 55. ಈ ಪ್ರಯೋಗಗಳಲ್ಲಿ ಒಡತಿ ಹಲವು ಕಿಲೋಮೀಟರ್ ದೂರವಿದ್ದರು, ಪರಿಚಿತ ಕಾರಿನ ಸದ್ದು ನಾಯಿಗೆ ಸುಳಿವಾಗದಿರಲೆಂದು ಟ್ಯಾಕ್ಸಿಯಲ್ಲಿ ಬರುತ್ತಿದ್ದರು. ಹಾಗಾಗಿ ಎರಡು ತಂಡಗಳ ನಡುವಿನ ಜಗಳ ನಾಯಿ ಏನು ಮಾಡಿತು ಎಂಬುದರ ಬಗ್ಗೆ ಅಲ್ಲ. ನಾಯಿ ಮಾಡಿದ್ದನ್ನು ಹೇಗೆ ಎಣಿಸಬೇಕು ಎಂಬುದರ ಬಗ್ಗೆ. ಇಡೀ ವಿವಾದದಲ್ಲಿ ಓದುಗರು ಹಿಡಿದುಕೊಳ್ಳಬೇಕಾದ ಎಳೆ ಇದೇ ಎಂದು ನನ್ನ ಭಾವನೆ, ಏಕೆಂದರೆ ನಮ್ಮ ನಮ್ಮ ಮನೆಯ ಕಥೆಗಳಿಗೂ ಇದು ಅನ್ವಯವಾಗುತ್ತದೆ.

ಎಣಿಕೆಯ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ನಾಯಿ ಯಾವ ವಿಶೇಷ ಜ್ಞಾನವೂ ಇಲ್ಲದೆ, ಸುಮ್ಮನೆ ಬೇಸರಕ್ಕೆ, ಸರಾಸರಿ 20 ನಿಮಿಷಕ್ಕೊಮ್ಮೆ ಬಾಗಿಲ ತನಕ ಹೋಗಿ ಬರುತ್ತದೆ ಎಂದಿಟ್ಟುಕೊಳ್ಳೋಣ. ಕಚೇರಿಯಿಂದ ಮನೆಗೆ ಬರಲು 45 ನಿಮಿಷ ಬೇಕು. ಹಾಗಾದರೆ ಆ 45 ನಿಮಿಷದೊಳಗೆ ನಾಯಿ ಸರಾಸರಿ ಎರಡು ಬಾರಿ ಬಾಗಿಲಿಗೆ ಹೋಗಿರುತ್ತದೆ, ಮತ್ತು ಮನೆಯಲ್ಲಿದ್ದವರು ಅದನ್ನು ನೋಡಿ "ಅವನು ಹೊರಟ ಅಂತ ಕಾಣುತ್ತದೆ" ಎಂದುಕೊಂಡರೆ ಅರ್ಧ ಗಂಟೆಯಲ್ಲಿ ಆ ಮಾತು ನಿಜವಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅದೇ ನಾಯಿ ಅದೇ ಬಾಗಿಲಿಗೆ ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ, ಬಂದರೂ ಅದನ್ನು ಬೆಕ್ಕು ಕಂಡಿರಬೇಕು, ಕೊರಿಯರ್‌ನವನು ಬಂದಿರಬೇಕು ಎಂದು ವಿವರಿಸಿಬಿಡುತ್ತೇವೆ. ನಾಯಿ ಬಾಗಿಲಿಗೆ ಹೋಗಿ ಒಡೆಯ ಬಂದ ದಿನ, ಹೋಗಿಯೂ ಬಾರದ ದಿನ, ನಾಯಿ ಹೋಗದೆಯೇ ಒಡೆಯ ಬಂದ ದಿನ, ಎರಡೂ ಆಗದ ದಿನ, ಹೀಗೆ ನಾಲ್ಕು ಬಗೆಯ ದಿನಗಳಿರುತ್ತವೆ. ನೆನಪಿನಲ್ಲಿ ಉಳಿಯುವುದು ಮೊದಲನೆಯದು ಮಾತ್ರ. ಬ್ರಿಟನ್ ಮತ್ತು ಅಮೆರಿಕದಲ್ಲಿ ಶೆಲ್ಡ್ರೇಕ್ ನಡೆಸಿದ ದೂರವಾಣಿ ಸಮೀಕ್ಷೆಗಳಲ್ಲಿ ನಾಯಿ ಸಾಕಿದವರ ಪೈಕಿ ಸುಮಾರು ಅರ್ಧದಷ್ಟು ಜನ, ಬೆಕ್ಕು ಸಾಕಿದವರ ಪೈಕಿ ಸುಮಾರು ಮೂರರಲ್ಲೊಬ್ಬರು ತಮ್ಮ ಪ್ರಾಣಿಗೆ ಮುಂಚಿತವಾಗಿ ಗೊತ್ತಾಗುತ್ತದೆ ಎಂದದ್ದು ಈ ಹಿನ್ನೆಲೆಯಲ್ಲಿ ಆಶ್ಚರ್ಯದ ಸಂಗತಿಯಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ನಾಲ್ಕರಲ್ಲಿ ಒಂದು ಬಗೆಯ ದಿನಗಳನ್ನಷ್ಟೇ ಹೇಳುತ್ತಿದ್ದಾರೆ.

ಜೇಟೀಯ ದಿನಚರಿಯಲ್ಲೂ ಇದೇ ತೊಡಕಿತ್ತು. ನಾಯಿ ಸೋತ ಕೆಲವು ದಿನಗಳಿಗೆ ಪಕ್ಕದ ಮನೆಯ ಹೆಣ್ಣು ನಾಯಿ ಬೆದೆಗೆ ಬಂದಿತ್ತು ಎಂಬಂಥ ಕಾರಣ ಕೊಡಲಾಯಿತು. ಅದು ನಿಜವೇ ಇರಬಹುದು. ಆದರೆ ಸೋತ ದಿನಕ್ಕೆ ಕಾರಣ ಹುಡುಕುವಷ್ಟೇ ಶ್ರದ್ಧೆಯಿಂದ ಗೆದ್ದ ದಿನಕ್ಕೂ ಬೇರೆ ಕಾರಣ ಹುಡುಕದಿದ್ದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ.

ಒಟ್ಟು ಸಮಯದ ಹೋಲಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಡತಿ ಹೋದ ಮೊದಲ ಗಂಟೆಯಲ್ಲಿ ನಾಯಿ ನೆಮ್ಮದಿಯಾಗಿ ಮಲಗುತ್ತದೆ. ಹೊತ್ತು ಕಳೆದಂತೆ ಅದರ ತಳಮಳ ಹೆಚ್ಚಿ ಬಾಗಿಲಿಗೆ ಹೋಗುವುದೂ ಹೆಚ್ಚುತ್ತದೆ. ಒಡತಿ ಹಿಂದಿರುಗುವುದು ಯಾವಾಗಲೂ ಅವಧಿಯ ಕೊನೆಯಲ್ಲಿ. ಆದ್ದರಿಂದ ಯಾವ ನಾಯಿಯ ದಾಖಲೆಯನ್ನು ತೆಗೆದುಕೊಂಡರೂ ಕೊನೆಯ ತುಣುಕಿನಲ್ಲಿ ಕಾಯುವಿಕೆ ಹೆಚ್ಚಾಗಿ ಕಾಣುವ ಸಾಧ್ಯತೆಯಿದೆ. ಶೆಲ್ಡ್ರೇಕ್ ಈ ಆಕ್ಷೇಪವನ್ನು ಕಡೆಗಣಿಸಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಬೇಗ ಬಂದ ದಿನ, ತಡವಾಗಿ ಬಂದ ದಿನಗಳನ್ನು ಬೇರ್ಪಡಿಸಿ ನೋಡಿದರು; ಒಡತಿ ಬಾರದೇ ಇದ್ದ ಸಂಜೆಗಳನ್ನೂ ಚಿತ್ರೀಕರಿಸಿ, ಆ ಸಂಜೆಗಳಲ್ಲಿ ಕಾಯುವಿಕೆ ಹಾಗೆ ಏರಲಿಲ್ಲ ಎಂದು ತೋರಿಸಿದರು. 2000ದಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಈ ಅಂಕಿಗಳಿವೆ. ಕೇನ್ ಎಂಬ ಇನ್ನೊಂದು ನಾಯಿಯ ಮೇಲೆ ನಡೆಸಿದ 10 ಪ್ರಯೋಗಗಳಲ್ಲಿ 9ರಲ್ಲಿ ಇಂಥದೇ ಫಲಿತಾಂಶ ಬಂತೆಂದೂ ಅವರು ಬರೆದಿದ್ದಾರೆ. ಹಾಗಾದರೆ ಒಪ್ಪಿಬಿಡಬೇಕೇ? ನನ್ನ ಮಟ್ಟಿಗೆ ಇಲ್ಲ. ಪ್ರಯೋಗದ ಪಾತ್ರಧಾರಿಯೂ ಪ್ರಬಂಧದ ಲೇಖಕಿಯೂ ಒಬ್ಬರೇ ಆಗಿರುವ, ಒಂದೆರಡು ನಾಯಿಗಳ ಮೇಲೆ ನಿಂತಿರುವ ಅಧ್ಯಯನವೊಂದು, ಮನಸ್ಸಿನ ಸಂಕಲ್ಪ ಕಿಲೋಮೀಟರುಗಟ್ಟಲೆ ದೂರಕ್ಕೆ ಯಾವ ವಾಹಕವೂ ಇಲ್ಲದೆ ಹರಿಯುತ್ತದೆ ಎಂಬಷ್ಟು ದೊಡ್ಡ ಮಾತಿನ ಭಾರವನ್ನು ಹೊರಲಾರದು. ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಬೇರೆ ತಂಡಗಳು, ಬೇರೆ ಬೇರೆ ನಾಯಿಗಳ ಮೇಲೆ ಅದೇ ಫಲಿತಾಂಶವನ್ನು ಮತ್ತೆ ಮತ್ತೆ ಪಡೆಯಬೇಕು. ಕಾಲು ಶತಮಾನ ಕಳೆದರೂ ಆ ವಿವಾದ ನಿಂತಿರುವುದು ಅದೇ ಬೆರಳೆಣಿಕೆಯ ಪ್ರಯೋಗಗಳ ಮೇಲೆ.

ಇಷ್ಟಕ್ಕೇ ನಿಲ್ಲಿಸಿದರೆ ನಾಯಿಗೆ ಅನ್ಯಾಯವಾದೀತು. ಅತೀಂದ್ರಿಯವನ್ನು ಬದಿಗಿಟ್ಟರೂ ಅದರ ಇಂದ್ರಿಯಗಳೇ ನಮ್ಮ ಊಹೆಗೆ ಮೀರಿದವು. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್ ತನಕದ ಸದ್ದನ್ನು ಕೇಳಿದರೆ ನಾಯಿ ಸುಮಾರು 45,000 ಹರ್ಟ್ಸ್ ತನಕ ಕೇಳಬಲ್ಲದು. ಬೆಕ್ಕಿನ ಕಿವಿ ಅದಕ್ಕಿಂತಲೂ ಮೇಲಕ್ಕೆ ಹೋಗುತ್ತದೆ. ಸ್ಕೂಟರಿನ ಬೆಲ್ಟು, ಕಾರಿನ ಬ್ರೇಕು, ಕೀಲಿಗೊಂಚಲು ಹೊರಡಿಸುವ ಸಣ್ಣ ಕೀರಲುಗಳಲ್ಲಿ ನಮಗೆ ಕೇಳಿಸದ ಭಾಗವೇ ಬಹಳ. ಬೀದಿಯಲ್ಲಿ ನೂರು ಸ್ಕೂಟರು ಹೋಗುತ್ತಿದ್ದರೂ ತನ್ನ ಮನೆಯ ಸ್ಕೂಟರು ಮೂಲೆಯ ಹಂಪಿನ ಮೇಲೆ ಏರಿಳಿದ ಸದ್ದನ್ನು ನಾಯಿ ಬೇರ್ಪಡಿಸಿ ಹಿಡಿಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಯಾವ ಮಹಡಿಯಲ್ಲಿ ನಿಂತಿತು, ಹೊರಬಂದವರ ಹೆಜ್ಜೆ ಯಾರದು ಎಂಬುದನ್ನೂ ಹಿಡಿಯುತ್ತದೆ. ಮನೆಗೆ ಬರುವ ಒಂದೆರಡು ನಿಮಿಷ ಮೊದಲು ನಾಯಿ ಬಾಲ ಅಲ್ಲಾಡಿಸುತ್ತ ಬಾಗಿಲಿಗೆ ಓಡುವುದನ್ನು ವಿವರಿಸಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಆದರೆ ಏಳೆಂಟು ಕಿಲೋಮೀಟರ್ ಆಚೆ ಒಬ್ಬರು ಕುರ್ಚಿಯಿಂದ ಎದ್ದದ್ದನ್ನು ಕಿವಿಯೂ ಮೂಗೂ ತಿಳಿಸಲಾರವು. ಅಲ್ಲಿ ಕಾಲದ ಅರಿವು ಕೆಲಸ ಮಾಡುತ್ತದೆ.

ಪ್ರಾಣಿಗಳಿಗೆ ಗಡಿಯಾರ ಓದಲು ಬಾರದಿದ್ದರೂ ಹೊತ್ತು ಗೊತ್ತಿದೆ. ಜೇನ್ನೊಣಗಳಿಗೆ ದಿನದ ಒಂದೇ ಹೊತ್ತಿನಲ್ಲಿ ಸಕ್ಕರೆ ನೀರಿಟ್ಟು ಅಭ್ಯಾಸ ಮಾಡಿಸಿದರೆ, ನೀರಿಡದ ದಿನವೂ ಅವು ಅದೇ ಹೊತ್ತಿಗೆ ಬಂದು ಮುತ್ತುತ್ತವೆ ಎಂದು ಇಂಗೆಬೋರ್ಗ್ ಬೇಲಿಂಗ್ ಎಂಬ ಜರ್ಮನ್ ವಿಜ್ಞಾನಿ 1929ರಲ್ಲೇ ತೋರಿಸಿದ್ದರು. ಸಸ್ತನಿಗಳ ಮೆದುಳಿನಲ್ಲಿ ಸುಮಾರು 24 ಗಂಟೆಯ ಲಯ ಹಿಡಿಯುವ ಪುಟ್ಟ ನರಗುಚ್ಛವೊಂದಿದೆ ಎಂಬುದು 1972ರಲ್ಲಿ ಸ್ಪಷ್ಟವಾಯಿತು. ಆ ನರಗುಚ್ಛವನ್ನು ನಾಶ ಮಾಡಿದ ಇಲಿಗಳು ಕೂಡ ಊಟದ ಹೊತ್ತಿಗೆ ಮೊದಲೇ ಚುರುಕಾಗುತ್ತವೆ, ಅಂದರೆ ಊಟವನ್ನು ನಿರೀಕ್ಷಿಸುವ ಲಯಕ್ಕೆ ದೇಹದಲ್ಲಿ ಬೇರೊಂದು ವ್ಯವಸ್ಥೆಯೂ ಇದೆ ಎಂಬುದು ಆ ದಶಕದ ಕೊನೆಯೊಳಗೆ ತಿಳಿಯಿತು. ದಿನವೂ ಆರೂವರೆಗೆ ಒಬ್ಬರು ಬರುತ್ತಾರೆ, ಬಂದೊಡನೆ ಊಟವೋ ತಿರುಗಾಟವೋ ಸಿಗುತ್ತದೆ ಎಂದಾದರೆ ಆರೂಕಾಲಿಗೆ ನಾಯಿ ಏಳುವುದರಲ್ಲಿ ವಿಚಿತ್ರವೇನಿಲ್ಲ. ನಮ್ಮ ಕರಿಯನದು ಇದೇ ಲೆಕ್ಕ.

ಜಪಾನಿನ ಹಚಿಕೋ ನಾಯಿಯ ವಿಚಾರವನ್ನು ನಾನು ಈ ದೃಷ್ಟಿಯಿಂದ ಮತ್ತೆ ಮತ್ತೆ ಯೋಚಿಸಿದ್ದೇನೆ. ಟೋಕಿಯೋದ ಶಿಬುಯಾ ರೈಲು ನಿಲ್ದಾಣಕ್ಕೆ ಅದು ತನ್ನ ಒಡೆಯ, ಕೃಷಿ ವಿಜ್ಞಾನದ ಪ್ರಾಧ್ಯಾಪಕ ಹಿದೆಸಬುರೊ ಉಯೆನೊ ಅವರನ್ನು ಎದುರುಗೊಳ್ಳಲು ಹೋಗುತ್ತಿತ್ತು. 1925ರ ಮೇ ತಿಂಗಳಲ್ಲಿ ಅವರು ಕೆಲಸದ ಸ್ಥಳದಲ್ಲೇ ತೀರಿಕೊಂಡರು. ಆಮೇಲೂ, 1935ರ ಮಾರ್ಚ್‌ನಲ್ಲಿ ತಾನು ಸಾಯುವ ತನಕ, ಆ ನಾಯಿ ನಿಲ್ದಾಣಕ್ಕೆ ಹೋಗುವುದನ್ನು ಬಿಡಲಿಲ್ಲ. ಒಡೆಯ ಹೊರಟ ಗಳಿಗೆಯನ್ನು ನಾಯಿ ದೂರದಿಂದಲೇ ಗ್ರಹಿಸುತ್ತದೆ ಎಂಬುದು ನಿಜವಾದರೆ, ಒಡೆಯ ಹೊರಟೇ ಇಲ್ಲ ಎಂಬುದೂ ಅದಕ್ಕೆ ಗೊತ್ತಾಗಬೇಕಿತ್ತಲ್ಲವೇ? ಸುಮಾರು ಹತ್ತು ವರ್ಷ ಅದು ಕಾದದ್ದು ರೈಲಿನ ಹೊತ್ತು, ನಿಲ್ದಾಣದ ಬಾಗಿಲು, ಇಳಿದು ಬರುವ ಜನರ ನಡುವಿನ ಒಂದು ವಾಸನೆ ಇವುಗಳ ನೆನಪಿನಿಂದ. ಹಚಿಕೋವಿನ ನಿಷ್ಠೆಯನ್ನು ಕೊಂಡಾಡುವವರು, ಅದರ ಕಾಯುವಿಕೆಗೆ ಅರಿವಿನ ಈ ಮಿತಿಯೂ ಕಾರಣವೆಂಬುದನ್ನು ಹೇಳುವುದಿಲ್ಲ. ನನಗಂತೂ ಆ ಮಿತಿ ತಿಳಿದ ಮೇಲೆ ಆ ನಾಯಿಯ ಮೇಲಿನ ಕರುಣೆ ಹೆಚ್ಚಾಯಿತು.

ಹಿಂದಿರುಗುವ ಹೊತ್ತು ದಿನವೂ ಬದಲಾಗುವ ಮನೆಗಳಲ್ಲಿ ಏನಾಗುತ್ತದೆ? ಬೆಂಗಳೂರಿನ ಸಂಚಾರದಲ್ಲಿ ಆರೂವರೆಗೆ ಬರಬೇಕಾದವರು ಎಂಟಕ್ಕೆ ಬರುವುದುಂಟು. ಆಗಲೂ ನಾಯಿ ಸರಿಯಾಗಿ ಎದ್ದಿತೆಂದು ಮನೆಯವರು ಹೇಳುವುದುಂಟು. ಅಲ್ಲಿ ನಾಯಿ ಓದುತ್ತಿರುವುದು ದಾರಿಯಲ್ಲಿರುವವರನ್ನಲ್ಲ, ಮನೆಯಲ್ಲಿರುವವರನ್ನು. "ಹೊರಟೆ" ಎಂದು ವಾಟ್ಸಾಪ್ ಸಂದೇಶ ಬರುತ್ತದೆ. ಅಮ್ಮ ಮೊಬೈಲು ಕೆಳಗಿಟ್ಟು ಏಳುತ್ತಾರೆ, ಡಿಕಾಕ್ಷನ್‌ಗೆ ನೀರಿಡುತ್ತಾರೆ, ಗೇಟಿನ ದೀಪ ಹಾಕುತ್ತಾರೆ, ಒಂದೆರಡು ಸಲ ಕಿಟಕಿಯತ್ತ ನೋಡುತ್ತಾರೆ. ತಾವು ಇದನ್ನೆಲ್ಲ ಮಾಡಿದೆವೆಂಬುದು ಅವರ ಗಮನದಲ್ಲೇ ಇರುವುದಿಲ್ಲ. ನಾಯಿಯ ಗಮನದಲ್ಲಿ ಇರುತ್ತದೆ. ಬರ್ಲಿನ್ನಿನಲ್ಲಿ 1904ರ ಸುಮಾರಿಗೆ ಗೊರಸು ಕುಟ್ಟಿ ಲೆಕ್ಕದ ಉತ್ತರ ಹೇಳುತ್ತದೆಂದು ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆ ಇದ್ದಿತು. ಪ್ರಶ್ನೆ ಕೇಳಿದವರಿಗೇ ಉತ್ತರ ತಿಳಿದಿಲ್ಲದಿದ್ದರೆ ಕುದುರೆಗೂ ಉತ್ತರ ಬರುವುದಿಲ್ಲ, ಕೇಳಿದವರ ತಲೆ ಮತ್ತು ಮೈಯ ತೀರ ಸಣ್ಣ ಅಲುಗಾಟ ನೋಡಿ ಅದು ಗೊರಸು ಕುಟ್ಟುವುದನ್ನು ನಿಲ್ಲಿಸುತ್ತದೆ ಎಂದು ಆಸ್ಕರ್ ಫುಂಗ್‌ಸ್ಟ್ ಎಂಬ ಸಂಶೋಧಕ 1907ರಲ್ಲಿ ವಿವರಿಸಿದರು. ಕುದುರೆಯ ಒಡೆಯ ಮೋಸಗಾರನಾಗಿರಲಿಲ್ಲ. ಸುಳಿವು ತನ್ನಿಂದಲೇ ಹೋಗುತ್ತಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಇನ್ನೂ ಇತ್ತೀಚಿನದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ. ಮಾದಕವಸ್ತು, ಸ್ಫೋಟಕ ಪತ್ತೆಗೆಂದು ತರಬೇತಾದ ನಾಯಿ ಮತ್ತು ಅದನ್ನು ನಡೆಸುವವರ 18 ಜೋಡಿಗಳನ್ನು, ಅಂಥ ಯಾವ ವಸ್ತುವೂ ಇಲ್ಲದ ಕೋಣೆಗಳಿಗೆ ಕಳಿಸಲಾಯಿತು. ವಸ್ತು ಇಲ್ಲಿದೆ ಎಂದು ನಡೆಸುವವರು ನಂಬುವಂತೆ ಗುರುತು ಮಾಡಿದ್ದ ಜಾಗಗಳಲ್ಲಿ ನಾಯಿಗಳ ಸುಳ್ಳು ಸೂಚನೆಗಳು ಹೆಚ್ಚು ದಾಖಲಾದವು. ತರಬೇತಾದವರ ಗತಿಯೇ ಹೀಗಿರುವಾಗ ಮನೆಯ ಸೋಫಾದ ಮೇಲೆ ಕುಳಿತು ನಾಯಿಯನ್ನು ನೋಡುವ ನಮ್ಮ ನಿರೀಕ್ಷೆ ಅದಕ್ಕೆ ತಿಳಿಯದೆ ಹೋಗುವುದು ಹೇಗೆ?

ಮನೆಯಲ್ಲಿ ಯಾರೂ ಇಲ್ಲದಿದ್ದಾಗ ಏನೆಂಬುದಕ್ಕೆ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಗ್ಸಾಂಡ್ರಾ ಹೊರೊವಿಟ್ಜ್ ಮುಂದಿಟ್ಟಿರುವ ಊಹೆಯೊಂದು ಬಹಳ ಸೊಗಸಾದದ್ದು. ನಾವು ಹೊರಗೆ ಹೋದ ಮೇಲೆ ಮನೆಯಲ್ಲಿ ಉಳಿದ ನಮ್ಮ ಮೈವಾಸನೆ ಗಂಟೆ ಗಂಟೆಗೂ ತೆಳುವಾಗುತ್ತ ಹೋಗುತ್ತದೆ. ವಾಸನೆ ಇಷ್ಟು ತೆಳುವಾದ ಹೊತ್ತಿಗೆ ಒಡೆಯ ಬರುತ್ತಾನೆ ಎಂಬುದನ್ನು ನಾಯಿ ದಿನ ದಿನದ ಅನುಭವದಿಂದ ಕಲಿತಿರಬಹುದು ಎಂಬುದು ಅದರ ತಿರುಳು. ನಾಯಿಯ ಮೂಗು ಆಯಾ ಕ್ಷಣದ ವಾಸನೆಯ ಜೊತೆಗೆ ಅದರ ಹಳಮೆಯನ್ನೂ ಅಳೆಯುತ್ತದೆ. ಹೆಜ್ಜೆಗುರುತಿನ ಜಾಡು ಹಿಡಿಯುವ ನಾಯಿಗೆ ಯಾವ ದಿಕ್ಕಿನಲ್ಲಿ ವಾಸನೆ ತಾಜಾ ಆಗುತ್ತಿದೆ ಎಂಬುದು ತಿಳಿಯದಿದ್ದರೆ ಅದು ಹೋದವನ ಹಿಂದೆ ಹೋಗಲಾರದು. ಬಿಬಿಸಿಯ ಕಾರ್ಯಕ್ರಮವೊಂದಕ್ಕಾಗಿ ಒಡೆಯ ತೊಟ್ಟುಬಿಟ್ಟ ಅಂಗಿಯನ್ನು ಸಂಜೆ ಅವರು ಬರುವ ಮೊದಲೇ ಮನೆಯೊಳಗೆ ತಂದು ವಾಸನೆಯನ್ನು ಮತ್ತೆ ದಟ್ಟಗೊಳಿಸಿದಾಗ, ದಿನವೂ ಕಿಟಕಿಗೆ ಹೋಗುತ್ತಿದ್ದ ನಾಯಿ ಅಂದು ಏಳದೆ ಮಲಗಿಯೇ ಇತ್ತು. ಒಂದು ನಾಯಿಯ ಒಂದು ದಿನದ ಪರೀಕ್ಷೆಯಿಂದ ಸಿದ್ಧಾಂತ ಕಟ್ಟಲಾಗದು. ಜೇಟೀಗೆ ಹಾಕಿದ ಅಳತೆಗೋಲನ್ನೇ ಇದಕ್ಕೂ ಹಾಕಬೇಕು. ಆದರೂ ಪರೀಕ್ಷೆಗೆ ಸಿಗುವಂಥ, ತಪ್ಪಾಗಿದ್ದರೆ ತಪ್ಪೆಂದು ತಿಳಿಯುವಂಥ ಊಹೆ ಇದು. ಬೆಕ್ಕುಗಳ ವಿಚಾರದಲ್ಲಿ ಇಷ್ಟೂ ಕೆಲಸ ನಡೆದಿಲ್ಲ.

ನಾಯಿ ಹೋದವರ ದಾರಿ ನೋಡುವುದಂತೂ ನಿಜ. ಸ್ವೀಡನ್ನಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ತೆರೇಸ್ ರೇನ್ ಮತ್ತು ಲಿಂಡಾ ಕೀಲಿಂಗ್ 2011ರಲ್ಲಿ 12 ನಾಯಿಗಳನ್ನು ಅವುಗಳ ಮನೆಯಲ್ಲೇ ಅರ್ಧ ಗಂಟೆ, 2 ಗಂಟೆ, 4 ಗಂಟೆ ಒಂಟಿಯಾಗಿ ಬಿಟ್ಟು ಚಿತ್ರೀಕರಿಸಿದರು. ಅರ್ಧ ಗಂಟೆಯ ನಂತರದ ಭೇಟಿಗಿಂತ 2 ಗಂಟೆಯ ನಂತರದ ಭೇಟಿಯಲ್ಲಿ ನಾಯಿಗಳ ಬಾಲದ ಅಲ್ಲಾಟ, ಒಡೆಯನತ್ತ ಧಾವಿಸುವಿಕೆ, ಗಮನ ಎಲ್ಲವೂ ಹೆಚ್ಚಾಗಿದ್ದವು. 2 ಗಂಟೆ ಮತ್ತು 4 ಗಂಟೆಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅವುಗಳಿಗೆ ಅಗಲಿಕೆಯ ಉದ್ದ ಒಂದು ಮಟ್ಟಿಗೆ ತಿಳಿಯುತ್ತದೆ. ನಾವು ಬರುವುದು ನಾಯಿಗೆ ದೂರದಿಂದಲೇ ಗೊತ್ತಾಗುತ್ತದೆಂದು ನಂಬಿದವರು, ಹಾಗಾದರೆ ಅದು ನೆಮ್ಮದಿಯಾಗಿಯೇ ಇರುತ್ತದೆ ಎಂದು ತಮಗೆ ತಾವೇ ಹೇಳಿಕೊಳ್ಳುವ ಅಪಾಯವಿದೆ. ಅದಕ್ಕೆ ಗೊತ್ತಿರುವುದು ರೂಢಿ ಮಾತ್ರ ಎಂದಾದರೆ, ರೂಢಿ ತಪ್ಪಿದ ಪ್ರತಿ ಸಂಜೆಯೂ ಅದಕ್ಕೆ ಗೊಂದಲದ ಸಂಜೆ. ಬಾಗಿಲು ಕೆರೆಯುವುದು, ಊಳಿಡುವುದು, ಮನೆಯೊಳಗೆ ಉಚ್ಚೆ ಹೊಯ್ಯುವುದು, ತನ್ನ ಪಂಜವನ್ನೇ ನೆಕ್ಕಿ ಗಾಯ ಮಾಡಿಕೊಳ್ಳುವುದು ಕ್ಯಾಮೆರಾದಲ್ಲಿ ಕಂಡರೆ ಅದನ್ನು ಪ್ರೀತಿಯ ಗುರುತೆಂದು ಹಂಚಿಕೊಳ್ಳದೆ ಪಶುವೈದ್ಯರಿಗೆ ತೋರಿಸಬೇಕು.

ತಮ್ಮ ನಾಯಿಯ ವಿಚಾರದಲ್ಲಿ ನಿಜ ತಿಳಿಯಬೇಕೆಂಬ ಆಸೆಯಿರುವವರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕ್ಯಾಮೆರಾ ಹೇಗೂ ಇದೆ. ಹಿಂದಿರುಗುವ ಹೊತ್ತನ್ನು ನೀವೇ ಆರಿಸಬಾರದು, ಏಕೆಂದರೆ ನಮ್ಮ ಆಯ್ಕೆಯಲ್ಲೂ ರೂಢಿಯಿರುತ್ತದೆ. ಕವಡೆ ಹಾಕುವುದೂ ಸಲ್ಲ. ನಾಲ್ಕು ಕವಡೆಗಳಲ್ಲಿ ಎರಡು ಬೀಳುವಷ್ಟು ಸಲ ಎಂಟು ಬೀಳುವುದಿಲ್ಲ. ಐದು, ಆರು, ಏಳು, ಎಂಟು, ಒಂಬತ್ತು ಗಂಟೆ ಎಂದು ಒಂದೊಂದು ಚೀಟಿ ಬರೆದು, ಇನ್ನೊಂದರಲ್ಲಿ ಈ ಸಂಜೆ ಬರುವುದಿಲ್ಲ ಎಂದು ಬರೆದು, ಕಚೇರಿಯಲ್ಲಿ ಕುಳಿತು ಒಂದನ್ನು ಎತ್ತಬೇಕು. ಮನೆಯವರಿಗೆ ಸಂದೇಶ ಕಳಿಸಬಾರದು. ದಿನದ ಸ್ಕೂಟರು ಬಿಟ್ಟು ಆಟೋದಲ್ಲಿ, ಸಾಧ್ಯವಾದರೆ ಬೀದಿಯ ಇನ್ನೊಂದು ತುದಿಯಿಂದ ಬರಬೇಕು. ದೃಶ್ಯಗಳನ್ನು, ನೀವು ಯಾವಾಗ ಹೊರಟಿರೆಂದು ತಿಳಿಯದ ಒಬ್ಬರ ಕೈಗೆ ಕೊಟ್ಟು, ಪ್ರತಿ 10 ನಿಮಿಷದಲ್ಲಿ ನಾಯಿ ಬಾಗಿಲ ಬಳಿ ಎಷ್ಟು ಸೆಕೆಂಡು ಇತ್ತೆಂದು ಬರೆಸಬೇಕು. ಒಂದೆರಡು ದಿನ ಸಾಲದು, ಒಂದೆರಡು ತಿಂಗಳು ನಡೆಯಬೇಕು. ಬಾರದ ಸಂಜೆಗಳಲ್ಲಿ ನಾಯಿಗೆ ಊಟ ಹಾಕಿ ಹೊರಗೆ ಕರೆದೊಯ್ಯಲು ಮನೆಯಲ್ಲೊಬ್ಬರು ಇರಬೇಕು. ಕೊನೆಗೆ ಲೆಕ್ಕ ಹಾಕುವಾಗ ಆ ಬಾರದ ಸಂಜೆಗಳ ದೃಶ್ಯಗಳನ್ನು, ಅವುಗಳಲ್ಲಿ ನಾಯಿ ಒಂದು ಗಂಟೆ ಬಾಗಿಲ ಬಳಿ ಕೂತಿದ್ದರೂ ಸರಿ, ಒಂದನ್ನೂ ಅಳಿಸದೆ ಮುಂದಿಟ್ಟುಕೊಳ್ಳಬೇಕು.